ಬಚ್ಚಲ ಹಂಡೆ ತೂತು ಬಿದ್ದಿದೆ, ಹಳೇ ಹೆಂಚಿನ ಮನೆಗೆ ಈಗ ಏನು ಹಾಕಿಸೋದು?

ನಾಪೋಕ್ಲು ಮನೆ:
ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಬಚ್ಚಲ ಒಲೆಗೆ ಕೂರಿಸಿದ ತಾಮ್ರದ ಹಂಡೆ ತಳದಲ್ಲಿ ತೂತು ಬಿದ್ದು ನೀರು ಒಲೆಗೇ ಸೋರುತ್ತಿದೆ. ಬೆಸುಗೆ ಹಾಕಿಸಿದರೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ಹೊಗೆಯೆಲ್ಲ ಒಳಗೇ ವಾಪಸ್ ಬರುತ್ತದೆ, ಅಮ್ಮನಿಗೆ ಕೆಮ್ಮು. ಇನ್ನೊಂದು ಬಚ್ಚಲಲ್ಲಿ 25 ಲೀಟರಿನ 2 ಕಿಲೋವ್ಯಾಟ್ ಗೀಸರ್ ಇದೆ, ಸಂಜೆ ಒಂದು ಗಂಟೆ ಬಿಟ್ಟರೂ ಸರಿಯಾಗಿ ಕಾಯುವುದಿಲ್ಲ. ಕಾಯಿಲ್ ಬದಲಾಯಿಸಿದ್ದಾಯಿತು, ಅದೇ ಕಥೆ. ಮನೆಯಲ್ಲಿ 6 ಜನ, ಹುತ್ತರಿಗೆ ನೆಂಟರು ಬಂದರೆ ದುಪ್ಪಟ್ಟು. ಸೋಲಾರ್ ಅಂಗಡಿಯವರು 300 ಲೀಟರ್ ಟ್ಯೂಬ್ ಹಾಕಿಸಿ, ವರ್ಷವಿಡೀ ಚಿಂತೆಯಿಲ್ಲ ಅಂತಾರೆ. ಭಾವ ಗ್ಯಾಸ್ ಗೀಸರ್ ಅಂತಾರೆ. ಹೀಟ್ ಪಂಪ್ ಅಂತಲೂ ಕೇಳಿದೆ. ಅಜ್ಜಿಯ ಕೋಣೆ ಜುಲೈನಲ್ಲಿ ಐಸ್, ಅದಕ್ಕೂ ಏನಾದರೂ ಹೇಳಿ. ಒಂದು ಲಕ್ಷ ದಾಟಬಾರದು.

ವೈರಿಂಗ್ ಅಣ್ಣ:
ಏನು ಕೊಳ್ಳಬೇಕು ಅನ್ನೋದು ಆಮೇಲೆ. ಮೊದಲು ಸಂಜೆ 7ಕ್ಕೆ ಗೀಸರ್ ಹಾಕಿ, ಅದೇ ಹೊತ್ತಿಗೆ ಎರಡು ಕಡೆ ವೋಲ್ಟೇಜ್ ನೋಡಿಸಿ: ಮೀಟರ್ ಬಳಿ ಒಮ್ಮೆ, ಗೀಸರ್ ಸಾಕೆಟ್ ಬಳಿ ಒಮ್ಮೆ. ನೀವೇ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ನಾಪೋಕ್ಲು ಮನೆ:
ನೋಡಿಸಿದೆ. ಮೀಟರ್‌ನಲ್ಲಿ 194, ಸಾಕೆಟ್‌ನಲ್ಲಿ 178.

ವೈರಿಂಗ್ ಅಣ್ಣ:
ಅಲ್ಲಿಗೆ ಗೊತ್ತಾಯಿತಲ್ವಾ, ಪಾಪ ಆ ಕಾಯಿಲ್‌ದು ಏನೂ ತಪ್ಪಿರಲಿಲ್ಲ. ವೋಲ್ಟೇಜ್ ಇಳಿದರೆ ಹೀಟರಿನ ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಸರಿಯಾದ ವೋಲ್ಟೇಜ್ 230ಕ್ಕೆ 2 ಕಿಲೋವ್ಯಾಟ್ ಕೊಡುವ ಗೀಸರ್ 178ಕ್ಕೆ ಬರೀ 1.2 ಕೊಡುತ್ತದೆ. 25 ಲೀಟರ್ ನೀರನ್ನು 18 ಡಿಗ್ರಿಯಿಂದ 60ಕ್ಕೆ ಏರಿಸಲು 1.2 ಯೂನಿಟ್ ಬೇಕು, ಹಾಗಾಗಿ 37 ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ. ಮಧ್ಯೆ ಯಾರಾದರೂ ನಲ್ಲಿ ತಿರುಗಿಸಿದರೆ ಮುಗಿಯಿತು.

ಆದರೆ ನನಗೆ ಚಿಂತೆ ಆಗಿದ್ದು ಬೇರೆ ವಿಷಯಕ್ಕೆ. ಮೀಟರ್‌ನಿಂದ ಸಾಕೆಟ್‌ಗೆ ಬರುವಷ್ಟರಲ್ಲಿ 16 ವೋಲ್ಟ್ ಹೋಗುತ್ತಿದೆ, ಅಂದರೆ ಸುಮಾರು 100 ವ್ಯಾಟ್ ಶಾಖ ನಿಮ್ಮ ಮನೆಯ ವೈರಲ್ಲೋ ಯಾವುದೋ ಸಡಿಲ ಜಾಯಿಂಟಲ್ಲೋ ಸುಮ್ನೆ ಕಾಯುತ್ತಿದೆ, ಅದೂ ಅಟ್ಟದ ಒಣ ಮರದ ಪಕ್ಕ. ಇದನ್ನು ಮೊದಲು ಸರಿ ಮಾಡಿಸಿ. ಗೀಸರಿಗೆ ಮೇನ್ ಬೋರ್ಡ್‌ನಿಂದಲೇ ಬೇರೆ ಲೈನ್, ಉದ್ದ ಜಾಸ್ತಿ ಇದ್ದರೆ 4 ಚದರ ಮಿಲಿಮೀಟರ್ ತಾಮ್ರದ ವೈರ್, ಒಳ್ಳೆ ಅರ್ಥಿಂಗ್, ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ 30 ಮಿಲಿಆಂಪ್‌ನ ಆರ್‌ಸಿಸಿಬಿ. ಮೀಟರ್‌ಗೇ 194 ಬರುತ್ತಿರುವುದು ಲೈನಿನ ತೊಂದರೆ, ಅದಕ್ಕೆ ಕರೆಂಟ್ ಕೊಡುವ ಚೆಸ್ಕಾಂಗೆ ಅರ್ಜಿ ಕೊಡಿ.

ಸೋಮವಾರಪೇಟೆ ಕಾಫಿ:
ಸೋಲಾರ್ ಅಂಗಡಿಯವರು ನಿಮ್ಮ ಮನೆಗೆ ಬಂದಿದ್ದು ಮಾರ್ಚ್‌ನಲ್ಲಿ ಅನ್ನಿಸುತ್ತದೆ! ನವೆಂಬರ್‌ನಿಂದ ಮೇವರೆಗೆ ಸೋಲಾರ್‌ಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಜೂನ್ ಹಿಡಿದರೆ ನಿಮ್ಮ ಕಡೆ ಸೂರ್ಯ ಎಲ್ಲಿ? ಆಗ ಅದು ಬರೀ ದೊಡ್ಡ ಕರೆಂಟ್ ಗೀಸರ್. 300 ಲೀಟರನ್ನು 25 ಡಿಗ್ರಿ ಏರಿಸಲು ಹೆಚ್ಚುಕಡಿಮೆ 9 ಯೂನಿಟ್ ಬೇಕು, ನಿಮ್ಮ ವೋಲ್ಟೇಜ್‌ನಲ್ಲಿ 2 ಕಿಲೋವ್ಯಾಟ್ ಕಾಯಿಲ್ ಹಾಕಿದರೆ ಏಳೆಂಟು ಗಂಟೆ ಓಡಬೇಕು. ಮರ ಬಿದ್ದು ಲೈನ್ ಹೋದರೆ ಅದೂ ಇಲ್ಲ. ಮೇಲಾಗಿ ನೀರೇ 300 ಕೆಜಿ, ಮಾಡು ಹೊರುವ ಹಳೇ ಪಕಾಸಿನ ಮೇಲೆ ಅದನ್ನು ಏರಿಸಲು ಬಿಡಬೇಡಿ.

ಹೀಟ್ ಪಂಪ್ ಯಂತ್ರ ಚೆನ್ನಾಗಿದೆ, ಹೊರಗಿನ ಗಾಳಿಯ ಬಿಸಿಯನ್ನೇ ಎಳೆದು ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ. ನಮ್ಮ ಮಳೆಗಾಲದ ಚಳಿ ಅದಕ್ಕೊಂದು ಚಳಿಯೇ ಅಲ್ಲ. ಆದರೆ 178 ವೋಲ್ಟ್‌ನಲ್ಲಿ ಅದರ ಕಂಪ್ರೆಸರ್ ಒದ್ದಾಡುತ್ತದೆ. ಮಡಿಕೇರಿ ಪೇಟೆಯ ಹೋಮ್‌ಸ್ಟೇ ಆಗಿದ್ದರೆ ಅದನ್ನೇ ಹಾಕಿ ಅನ್ನುತ್ತಿದ್ದೆ.

ನಿಮಗೆ ತೋಟ ಇದೆ, ಸೌದೆ ಇದೆ. ನನ್ನ ಕೇಳಿದರೆ ಸೌದೆ ಬಿಡಬೇಡಿ, ಒಲೆ ಬದಲಾಯಿಸಿ. ಬಾಗಿಲು ಮುಚ್ಚುವ, ಒಳಗೆ ಜಾಲರಿ ಇರುವ, ಚಿಮಣಿ ಇರುವ ಸ್ಟೀಲ್ ಅಥವಾ ತಾಮ್ರದ ಬಾಯ್ಲರ್ ಸಿಗುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮಾಡಿದ, ಸೌದೆ ಉಳಿಸುವ ಅಸ್ತ್ರ ಒಲೆ ನೆನಪಿದೆಯಲ್ವಾ, ಅದೇ ಲೆಕ್ಕ: ಬೆಂಕಿಗೆ ಕೆಳಗಿಂದ ಗಾಳಿ, ಹೊಗೆಗೆ ಮೇಲಕ್ಕೆ ದಾರಿ. ಬಾಯ್ಲರಿನಿಂದ ಒಂದು ಪೈಪ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಹೋಗಿ ಬಾಯಿ ತೆರೆದೇ ಇರಬೇಕು, ಅದಕ್ಕೆ ವಾಲ್ವ್ ಹಾಕಲೇಬಾರದು. ಹಬೆ ಕಟ್ಟಿದರೆ ಬಾಂಬ್.

ಗೋಣಿಕೊಪ್ಪ:
ಭಾವ ಹೇಳಿದ್ದರಲ್ಲೂ ಅರ್ಥ ಇದೆ. ಗ್ಯಾಸ್ ಗೀಸರ್ ಕಿಡಿಗೆ ಟಾರ್ಚ್ ಸೆಲ್ ಸಾಕು, ಕರೆಂಟ್ ಬೇಡ. 14.2 ಕೆಜಿ ಸಿಲಿಂಡರ್ 6 ಜನರ ಸ್ನಾನಕ್ಕೆ ಮೂರು ವಾರ ಚಿಲ್ಲರೆ ಬಂದೀತು. ಆದರೆ ಬಚ್ಚಲ ಒಳಗೆ ಮಾತ್ರ ಹಾಕಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಾಗಿಲು ಹಾಕಿ ಸ್ನಾನಕ್ಕೆ ಹೋದವರು ಹಾಗೇ ಸತ್ತಿದ್ದಾರೆ. ಹೊರಗೋಡೆಗೆ, ಮಳೆ ತಾಗದ ಹಾಗೆ. ನಿಮ್ಮ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ?

ನಾಪೋಕ್ಲು ಮನೆ:
ಸೂರಿನ ಮಟ್ಟದಲ್ಲೇ ಇದೆ.

ಗೋಣಿಕೊಪ್ಪ:
ಹಾಗಾದರೆ ಕಷ್ಟ. ನೀರಿನ ಒತ್ತಡ ಸಾಲದಿದ್ದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಪ್ರೆಷರ್ ಪಂಪ್ ಹಾಕಿದರೆ ಮತ್ತೆ ಕರೆಂಟ್ ಬೇಕು.

ವೈರಿಂಗ್ ಅಣ್ಣ:
ಅಜ್ಜಿ ಕೋಣೆಗೆ: ಆಯಿಲ್ ಹೀಟರ್, ಫ್ಯಾನ್ ಹೀಟರ್, ರಾಡ್ ಹೀಟರ್, ಯಾವುದಾದರೂ ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ. "ಕರೆಂಟ್ ಉಳಿಸುವ ಹೀಟರ್" ಅನ್ನೋದೆಲ್ಲ ಮಾರುವವರ ಮಾತು. ಮುಚ್ಚಿಗೆ ಇಲ್ಲದ ಹೆಂಚಿನ ಕೋಣೆಯಲ್ಲಿ ಏನು ಹಚ್ಚಿದರೂ ಬಿಸಿ ಸಂದಿಯಿಂದ ಮೇಲೆ ಹೋಗುತ್ತದೆ. ಮೊದಲು ಹಲಗೆಯ ಮುಚ್ಚಿಗೆ ಮಾಡಿಸಿ. ಆಮೇಲೆ ಕೋಣೆ ಬಿಟ್ಟು ಹಾಸಿಗೆ ಬಿಸಿ ಮಾಡಿ: ಎಲೆಕ್ಟ್ರಿಕ್ ಬ್ಲಾಂಕೆಟ್ ನೂರು ವ್ಯಾಟ್ ಆಸುಪಾಸು, ಮಲಗುವ ಮುಂಚೆ ಹಾಕಿ, ಮಲಗುವಾಗ ತೆಗೆಯಿರಿ. ಕರೆಂಟ್ ಇಲ್ಲದ ದಿನ ಬಿಸಿನೀರಿನ ಚೀಲ. ಕೆಂಡದ ಬಾಣಲೆ ಇಟ್ಟು ಬಾಗಿಲು ಹಾಕುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ಅಲ್ಲೂ ಅದೇ ವಿಷಗಾಳಿ.

ನಾಪೋಕ್ಲು ಮನೆ:
ಸರಿ, ವೈರಿಂಗ್ ಮೊದಲು, ಆಮೇಲೆ ಸೌದೆ ಬಾಯ್ಲರ್. ಗೀಸರ್ ಇದ್ದಲ್ಲೇ ಇರಲಿ, ಬೆಳಗ್ಗೆ ವೋಲ್ಟೇಜ್ ಚೆನ್ನಾಗಿರುವಾಗ ಬಳಸುತ್ತೇವೆ. ಸೋಲಾರ್ ಇನ್ನೊಂದು ವರ್ಷ ನೋಡೋಣ. ಆದರೆ ಹೊಗೆ? ಈಗಲೂ ಒಂದು ಚಿಮಣಿ ಇದೆ, ಹಾಗಿದ್ದೂ ಒಳಗೇ ಬರುತ್ತದಲ್ಲ.

ಸೋಮವಾರಪೇಟೆ ಕಾಫಿ:
ಚಿಮಣಿಯ ತುದಿ ಮಾಡಿನ ನೆತ್ತಿಗಿಂತ ಕೆಳಗಿದೆಯಾ ನೋಡಿ. ಇದ್ದರೆ, ಮಳೆಗಾಲದ ಗಾಳಿ ಮಾಡಿಗೆ ಬಡಿದು ಹೊಗೆಯನ್ನು ವಾಪಸ್ ಒತ್ತುತ್ತದೆ. ನೆತ್ತಿಗಿಂತ ಎರಡು ಮೂರು ಅಡಿ ಮೇಲಕ್ಕೆ ತನ್ನಿ, ಮಳೆಗೆ ಟೋಪಿ ಹಾಕಿ. ಎರಡನೇ ಕಾರಣ ಹಸಿ ಸೌದೆ. ಅದರ ಶಾಖದಲ್ಲಿ ಒಂದು ಪಾಲು ತನ್ನ ನೀರನ್ನು ಒಣಗಿಸುವುದಕ್ಕೇ ಹೋಗುತ್ತದೆ, ಹೊಗೆ ತಣ್ಣಗಾಗಿ ಮೇಲೇಳುವುದಿಲ್ಲ, ಚಿಮಣಿ ಒಳಗೆ ಟಾರ್ ಕಟ್ಟುತ್ತದೆ, ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ಜನವರಿಯಲ್ಲೇ ಸೀಳಿ ಶೆಡ್ಡಿಗೆ ಹಾಕಿ. ಕಿತ್ತ ಹಳೇ ಕಾಫಿ ಗಿಡದ ಬೊಡ್ಡೆ ಒಳ್ಳೆ ಕೆಂಡ ಕೊಡುತ್ತದೆ, ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಹಾಲವಾಣ ಗೊಬ್ಬರಕ್ಕೇ ಲಾಯಕ್ಕು.

ನಾಪೋಕ್ಲು ಮನೆ:
ಈಗಿನದು ಸೂರಿನ ಹತ್ತಿರವೇ ನಿಂತಿದೆ. ಪೈಪ್ 4 ಇಂಚಿನದು ಸಾಕಾ?

ಸೋಮವಾರಪೇಟೆ ಕಾಫಿ:
ಬಾಯ್ಲರ್‌ನ ಹೊಗೆ ಬಾಯಿ ಎಷ್ಟಿದೆಯೋ ಅಷ್ಟೇ ಇರಲಿ, ಮೇಲೆ ಹೋಗುತ್ತಾ ಕಿರಿದು ಮಾಡಬೇಡಿ. ಅಡ್ಡ ಬಗ್ಗುವುದೂ ಆದಷ್ಟು ಕಡಿಮೆ ಇರಲಿ. ಮಾಡು ದಾಟುವ ಜಾಗದಲ್ಲಿ ರೀಪು, ಪಕಾಸು ಪೈಪಿಗೆ ತಾಗದ ಹಾಗೆ ಕತ್ತರಿಸಿ ಸುತ್ತ ತಗಡು ಹಾಕಿಸಿ. ಕೆಳಗೆ ಮಸಿ ತೆಗೆಯಲು ಒಂದು ಮುಚ್ಚಳ ಇಡಿಸೋದು ಮರೆಯಬೇಡಿ.