ಮಳೆಗಾಲದಲ್ಲಿ ಹೈಡ್ರೋಜನ್ ಮೋಡ ಹಿಡಿಯಬಹುದಾ? ಮಾಡಿ ನೋಡಿದವರು ಹೇಳಿ

ತೀರ್ಥಹಳ್ಳಿಯಿಂದ ಪ್ರಶ್ನೆ: ಮಗಳು ಬಿಎಸ್ಸಿ ಓದುತ್ತಿದ್ದಾಳೆ. ನಕ್ಷತ್ರಗಳ ನಡುವಿನ ತಣ್ಣನೆಯ ಹೈಡ್ರೋಜನ್ ಮೋಡಗಳ ಮೇಲೇ ಪ್ರಾಜೆಕ್ಟ್ ಮಾಡಬೇಕು ಅಂತ ಹಟ ಹಿಡಿದಿದ್ದಾಳೆ. ಅಕ್ಟೋಬರ್ ಒಳಗೆ ಮುಗಿಯಬೇಕಂತೆ. ಜೂನ್ ಬಂದರೆ ನಮ್ಮಲ್ಲಿ ಆಕಾಶವೇ ಕಾಣುವುದಿಲ್ಲ. ಡಬ್ಬ, ತಗಡು ಎಲ್ಲ ಅವಳ ಅಪ್ಪ ಹೊಂದಿಸಿ ಕೊಡುತ್ತಾರೆ. ಏನು ಮಾಡಬಹುದು?

ಹೊಸನಗರದಿಂದ: ಆಕಾಶ ಕಾಣದಿದ್ದರೂ ನಡೆಯುತ್ತದೆ ಅಕ್ಕ. ಈ ಹೈಡ್ರೋಜನ್ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಹೊಮ್ಮಿಸುತ್ತದೆ, ಅಂದರೆ 1420.4 ಮೆಗಾಹರ್ಟ್ಸ್. ಮಳೆಮೋಡ ಅದಕ್ಕೆ ಅಡ್ಡಿಯೇ ಅಲ್ಲ. ಒಂದು ಪರಮಾಣು ತಾನಾಗಿ ಒಂದು ಸಲ ಹೀಗೆ ಮಿಡಿಯಲು ಸರಾಸರಿ ಒಂದು ಕೋಟಿ ವರ್ಷಕ್ಕಿಂತ ಜಾಸ್ತಿ ಬೇಕು. ಆದರೆ ಮೋಡ ಅಷ್ಟು ದೊಡ್ಡದು, ಯಾವುದಾದರೂ ಒಂದು ಮಿಡಿಯುತ್ತಲೇ ಇರುತ್ತದೆ.

ನಾನು ಮಾಡಿದ್ದು ಹೀಗೆ. ಥಿನ್ನರ್ ಡಬ್ಬದೊಳಗೆ ಐದು ಸೆಂಟಿಮೀಟರ್ ಚಿಲ್ಲರೆ ಉದ್ದದ ತಾಮ್ರದ ಕಡ್ಡಿ. ಡಬ್ಬದ ಬಾಯಿಗೆ ಫಾಯಿಲ್ ಅಂಟಿಸಿದ ರಟ್ಟಿನ ದೊಡ್ಡ ಆಲಿಕೆ, ಬಾಯಿ ಮುಕ್ಕಾಲು ಮೀಟರ್ ಅಗಲ. ಆಮೇಲೆ 1420ಕ್ಕೆಂದೇ ಮಾಡಿದ ಫಿಲ್ಟರ್ ಇರುವ ಆಂಪ್ಲಿಫೈಯರ್, ಒಂದು ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್), ಲ್ಯಾಪ್‌ಟಾಪ್. ಮೊದಲ ವರ್ಷ ರಟ್ಟು ಹದಿನೈದೇ ದಿನಕ್ಕೆ ಬೂಸ್ಟು ಹಿಡಿದು ಜೋತುಬಿತ್ತು. ಮಲೆನಾಡಲ್ಲಿ ರಟ್ಟು ಬೇಡವೇ ಬೇಡ, ತೆಳು ಅಲ್ಯೂಮಿನಿಯಂ ಶೀಟ್ ಹಾಕಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಸಾಕು. 1951ರಲ್ಲಿ ಹಾರ್ವರ್ಡ್‌ನಲ್ಲಿ ಈವೆನ್ ಮತ್ತು ಪರ್ಸೆಲ್ ಈ ಅಲೆಯನ್ನು ಮೊದಲ ಸಲ ಹಿಡಿದಾಗ ಅವರ ಆಲಿಕೆ ಕಿಟಕಿಯಿಂದ ಹೊರಗೆ ಚಾಚಿತ್ತು. ಮಳೆ ಬಂದರೆ ನೀರು ಸೀದಾ ಲ್ಯಾಬಿಗೇ ಇಳಿಯುತ್ತಿತ್ತಂತೆ! ನಮ್ಮ ಕಥೆಯೇ, ಅಲ್ವಾ?

ಅಂಗಳದ ನಡುವೆ ಇಡಿ. ಒದ್ದೆ ಅಡಿಕೆಮರದ ತಲೆ ಅಡ್ಡ ಬಂದರೆ ಬರೀ ಗದ್ದಲ. ಮೊದಲು ನೆಲದ ಕಡೆ ತಿರುಗಿಸಿ, ಸದ್ದಿನ ಮಟ್ಟ ಏರಬೇಕು. ಆಕಾಶಕ್ಕೆ ತಿರುಗಿಸಿದರೆ ಇಳಿಯಬೇಕು. ಇಳಿಯದಿದ್ದರೆ ಆಂಪ್ಲಿಫೈಯರ್‌ಗೆ ಕರೆಂಟ್ ಹೋಗುತ್ತಿಲ್ಲ ಅಂತ ಅರ್ಥ. ನಾನು ಮೂರು ರಾತ್ರಿ ಕಳೆದದ್ದು ಇದರಲ್ಲೇ. ಆಮೇಲೆ ನೆಟ್ಟಗೆ ಮೇಲಕ್ಕಿಟ್ಟು ಸುಮ್ನೆ ಕಾಯಿರಿ. ಆಗಸ್ಟ್‌ನಲ್ಲಿ ರಾತ್ರಿ ಹತ್ತರ ಸುಮಾರಿಗೆ ಶ್ರವಣ ನಕ್ಷತ್ರದ ಕಡೆಯ ಹಾಲುಹಾದಿ ತಾನಾಗಿ ನೆತ್ತಿಗೆ ಬರುತ್ತದೆ. ಐದು ನಿಮಿಷದ ಸರಾಸರಿ ತೆಗೆದರೆ ಗ್ರಾಫಿನಲ್ಲಿ ಗುಡ್ಡ ಏಳುತ್ತದೆ, ಕೆಲವು ಸಲ ಎರಡು. ಬೇರೆ ಬೇರೆ ಮೋಡ ಬೇರೆ ಬೇರೆ ವೇಗದಲ್ಲಿ ಓಡುವುದರಿಂದ ಹಾಗೆ. ಮೋಡ ನಮ್ಮ ಕಡೆಗೋ ನಮ್ಮಿಂದ ದೂರಕ್ಕೋ ಓಡಿದರೆ, ಸೆಕೆಂಡಿಗೆ 10 ಕಿಲೋಮೀಟರ್ ವೇಗಕ್ಕೆ ಅಲೆಯ ಆವರ್ತನ ಸುಮಾರು 47 ಕಿಲೋಹರ್ಟ್ಸ್ ಸರಿಯುತ್ತದೆ. ಪ್ರಾಜೆಕ್ಟಿನ ಜೀವ ಅದೇ.

ಸಾಗರದಿಂದ: ಒಂದು ಮಾತು. ಬೇಸಿಗೆಯಲ್ಲಿ ಹಾಲುಹಾದಿ ನಡುವೆ ಕಾಣುವ ಕಪ್ಪು ಪಟ್ಟೆಯೇ ಈ ಮೋಡ ಅಂತ ಬರೆಯಬೇಡಿ. ನಾನು ಬರೆದು ವೈವಾದಲ್ಲಿ ಬೈಸಿಕೊಂಡೆ. ಅದು ಇನ್ನೂ ತಣ್ಣನೆಯದು, ಮೈನಸ್ 260 ಡಿಗ್ರಿ ಆಸುಪಾಸು. ಅಲ್ಲಿ ಹೈಡ್ರೋಜನ್ ಜೋಡಿಜೋಡಿ ಅಣುವಾಗಿರುತ್ತದೆ, 21 ಸೆಂಟಿಮೀಟರ್ ಅಲೆ ಕೊಡುವುದಿಲ್ಲ. ಅದನ್ನು ಕಾರ್ಬನ್ ಮಾನಾಕ್ಸೈಡ್‌ನ ಅಲೆ ನೋಡಿ ಪತ್ತೆ ಹಚ್ಚುತ್ತಾರೆ. ಮನೆಯ ಆಲಿಕೆಗೆ ಸಿಗುವ ಮಾತಲ್ಲ.

ಕೊಪ್ಪದಿಂದ: ಗುಡುಗು ಶುರುವಾದರೆ ಕೇಬಲ್ ಕಿತ್ತು ಒಳಗೆ ಬನ್ನಿ ಮಾರಾಯ್ರೆ. ಇನ್ವರ್ಟರ್ ಪಕ್ಕ ಇಡಬೇಡಿ. ನನಗೆ ಅತಿ ಚೊಕ್ಕ ಗ್ರಾಫ್ ಸಿಕ್ಕಿದ್ದು ಊರಿಗೆಲ್ಲ ಕರೆಂಟ್ ಹೋದ ರಾತ್ರಿ.

ತೀರ್ಥಹಳ್ಳಿಯಿಂದ: ಥಿನ್ನರ್ ಡಬ್ಬ ಅಟ್ಟದಲ್ಲೇ ಸಿಕ್ಕಿತು. ಅಂಗಳವೂ ಅಡಿಕೆ ಕೊಯ್ಲಿನವರೆಗೆ ಖಾಲಿ.