ಪದ ಬೇಕು: ರೆಫರೆಂಡಮ್ ಮತ್ತು ಪ್ಲೆಬಿಸೈಟ್, ಒಂದೇ ವಾಕ್ಯದಲ್ಲಿ

ಎಲ್ಲರಿಗೂ ನಮಸ್ಕಾರ. ಸಿಡ್ನಿಯ ಗ್ರಂಥಾಲಯವೊಂದರ ಪ್ರದರ್ಶನ ಫಲಕಕ್ಕೆ ಕನ್ನಡ ಪಠ್ಯ ಮಾಡುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. 1977ರ ಮೇ 21ರಂದು ಆಸ್ಟ್ರೇಲಿಯಾದಲ್ಲಿ ಸಂವಿಧಾನ ತಿದ್ದುಪಡಿಯ ನಾಲ್ಕು ಪ್ರಶ್ನೆಗೆ ರೆಫರೆಂಡಮ್, ರಾಷ್ಟ್ರೀಯ ಗೀತೆ ಯಾವುದಿರಲಿ ಎಂಬುದಕ್ಕೆ ಪ್ಲೆಬಿಸೈಟ್, ಎರಡೂ ಒಟ್ಟಿಗೇ ನಡೆದವು. ಮೊದಲನೆಯದು ಗೆದ್ದರೆ ಸಂವಿಧಾನವೇ ಬದಲು. ಎರಡನೆಯದು ಸರಕಾರಕ್ಕೆ ಸಲಹೆ ಮಾತ್ರ. ಪತ್ರಿಕೆಗಳು ಎರಡಕ್ಕೂ ‘ಜನಮತಗಣನೆ’ ಅನ್ನುತ್ತವೆ. ನನಗೆ ಎರಡು ಪದ ಬೇಕು.

---

‘ಜನಮತಗಣನೆ’ ಬೇಡವೇ ಬೇಡ, ಜನಗಣತಿಯ ತಮ್ಮನಂತಿದೆ. ಸಾಲದ್ದಕ್ಕೆ ‘ಮತ’ ಅಂದರೆ ಓಟೂ ಹೌದು, ಧರ್ಮವೂ ಹೌದು. ‘ಮಂದಿಯೊಪ್ಪಿಗೆ’ ಅನ್ನಿ. ಪ್ರಜಾಪ್ರಭುತ್ವಕ್ಕೆ ‘ಮಂದಿಯಾಳ್ವಿಕೆ’ ಆಗಲೇ ಬಳಕೆಯಲ್ಲಿದೆ. ಸಂಸ್ಕೃತದ ಹಂಗು ಯಾಕೆ?

---

> ‘ಮಂದಿಯೊಪ್ಪಿಗೆ’ ಅನ್ನಿ

ಫಲಿತಾಂಶ ಬರುವ ಮೊದಲೇ ಒಪ್ಪಿಗೆ ಕೊಟ್ಟುಬಿಟ್ಟಿರಿ! 2023ರ ಅಕ್ಟೋಬರ್ 14ರಂದು ಅಲ್ಲಿಯ ಮೂಲನಿವಾಸಿಗಳ ‘ವಾಯ್ಸ್’ (ಸಂಸತ್ತಿಗೆ ಸಲಹೆ ಕೊಡುವ ಮಂಡಳಿ) ಪ್ರಸ್ತಾಪವನ್ನು ಆರಕ್ಕೆ ಆರೂ ರಾಜ್ಯಗಳು ತಳ್ಳಿಹಾಕಿದವು. ಅದೂ ಮಂದಿಯೊಪ್ಪಿಗೆಯೇ? 1977ರದ್ದೇ ನೋಡಿ. ಎರಡೂ ಸದನಗಳ ಚುನಾವಣೆ ಒಟ್ಟಿಗೆ ನಡೆಯಲಿ ಎಂಬ ಪ್ರಶ್ನೆಗೆ ದೇಶದಲ್ಲಿ 62% ‘ಹೌದು’ ಬಿತ್ತು. ಆದರೂ ಸೋತಿತು, ಯಾಕೆಂದರೆ ಆರರಲ್ಲಿ ನಾಲ್ಕು ರಾಜ್ಯಗಳಲ್ಲೂ ಬಹುಮತ ಬೇಕು, ಸಿಕ್ಕಿದ್ದು ಮೂರರಲ್ಲಿ. ಮಂದಿ ಒಪ್ಪಿದರು, ಮಂದಿಯೊಪ್ಪಿಗೆ ಬಿದ್ದುಹೋಯಿತು ಅಂತ ಬರೆಯುತ್ತೀರಾ?

ರೆಫರೆಂಡಮ್‌ಗೆ ‘ಜನನಿರ್ಣಯ’, ಪ್ಲೆಬಿಸೈಟ್‌ಗೆ ‘ಜನಾಭಿಪ್ರಾಯ ಸಂಗ್ರಹ’. ಮುಗಿಯಿತು.

---

ಮುಗಿಯಲಿಲ್ಲ ಸ್ವಾಮಿ. ಅಭಿಪ್ರಾಯ ಸಂಗ್ರಹ ಅಂದರೆ ಟೀವಿಯವರ ಚುನಾವಣಾ ಸಮೀಕ್ಷೆ ನೆನಪಾಗುತ್ತದೆ. ನಮ್ಮ ಪಕ್ಕದ ಗೋವಾದಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರಕ್ಕೆ ಸೇರುವವರಿಗೆ ಹೂವಿನ ಗುರುತು, ಬೇರೆಯಾಗಿಯೇ ಉಳಿಯುವವರಿಗೆ ಎರಡೆಲೆಯ ಗುರುತು. ಎಲೆ ಗೆದ್ದಿತು. ಅವರು ಅದನ್ನು ಇಂದಿಗೂ ‘ಒಪೀನಿಯನ್ ಪೋಲ್’ ಅಂತಲೇ ಕರೆಯುತ್ತಾರೆ, ಕೊಂಕಣಿಗೇನೂ ಮುಕ್ಕಾಗಿಲ್ಲ. ರೆಫರೆಂಡಮ್ ಅಂತಲೇ ಬರೆಯಿರಿ. ಕೋರ್ಟು, ಓಟು ಒಳಗೆ ಬಂದಿಲ್ಲವೆ?

---

ಹಾಗಾದರೆ ಫಲಕವನ್ನೇ ಇಂಗ್ಲಿಷಿನಲ್ಲಿ ಹಾಕಿಸಿ, ಅನುವಾದದ ಖರ್ಚೂ ಉಳಿಯುತ್ತದೆ.

---

> ಅನುವಾದದ ಖರ್ಚೂ

ಖರ್ಚು ಯಾವ ಅಚ್ಚಗನ್ನಡ?

---

ಪದ ಕೇಳಿದವಳು ನಾನು. ‘ಜನನಿರ್ಣಯ’ ತೆಗೆದುಕೊಂಡೆ. ಸೋತರೂ ಅದು ನಿರ್ಣಯವೇ, ಸರಿಹೋಗುತ್ತದೆ. ಎರಡನೆಯದಕ್ಕೆ ‘ಸಲಹಾ ಮತದಾನ’ ಹಾಕುತ್ತಿದ್ದೇನೆ, ಟೀವಿಯ ಗೊಂದಲವೂ ಇಲ್ಲ. ‘ಸಂವಿಧಾನ’ವನ್ನು ‘ರಾಜ್ಯಾಂಗ’ ಮಾಡಿ ಅಂತ ಯಾರೂ ಶುರುಮಾಡಬೇಡಿ, ಆ ಸಾಲು ಆಗಲೇ ಅಚ್ಚಿನವರ ಕೈಯಲ್ಲಿದೆ.