ಬಿಸಿಯಾದ ಮೇಲೆ ಬುಲೆಟ್ ಆಫ್: ಕಾಯಿಲಾ, ಕಂಡೆನ್ಸರಾ, ವಯರಿಂಗಾ?

ಉದ್ಯಾವರ 350

ಹಳೆಯ ಬುಲೆಟ್ 350, ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಅಂದರೆ ಎಂಜಿನ್ ತಿರುಗಿದ ಹಾಗೆ ಕೂಡಿ ತೆರೆದು, ಕಾಯಿಲಿನ ಕರೆಂಟ್ ಕಡಿದು ಪ್ಲಗ್ಗಿಗೆ ಕಿಡಿ ಕೊಡಿಸುವ ಸಣ್ಣ ಸ್ವಿಚ್). ಮೊದಲಿನ ಮಾಲೀಕರು 6 ವೋಲ್ಟ್ ತೆಗೆದು 12 ವೋಲ್ಟ್ ಮಾಡಿಸಿದ್ದಾರೆ, ನೆಗೆಟಿವ್ ಅರ್ತ್ (ಬ್ಯಾಟರಿಯ ಮೈನಸ್ ಬಾಡಿಗೆ). ಬೆಳಿಗ್ಗೆ ಸುಲಭದಲ್ಲಿ ಸ್ಟಾರ್ಟ್ ಆಗ್ತದೆ, ಉಡುಪಿಯಿಂದ ಹೆಬ್ರಿ ತನಕ ಏನೂ ತಕರಾರಿಲ್ಲ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಮಿಸ್ಸಿಂಗ್ (ಕಿಡಿ ತಪ್ಪಿ ಎಂಜಿನ್ ತಡವರಿಸುವುದು) ಶುರು, ಸ್ವಲ್ಪ ಹೊತ್ತಲ್ಲಿ ಪೂರ್ತಿ ಆಫ್. ಹದಿನೈದು ಇಪ್ಪತ್ತು ನಿಮಿಷ ತಣಿದರೆ ಪುನಃ ಹೊರಡ್ತದೆ. ಪೇಟೆಯೊಳಗೆ ಹೊಂಡಕ್ಕೆ ಬಿದ್ದಾಗಲೂ ಕೆಲವೊಮ್ಮೆ ಒಂದು ಕ್ಷಣ ಕರೆಂಟ್ ಹೋದ ಹಾಗೆ ಆಗ್ತದೆ. ಪ್ಲಗ್ ಹೊಸತು, ಕಾರ್ಬುರೇಟರ್ ಕ್ಲೀನ್ ಮಾಡಿಸಿದ್ದೇನೆ. ಒಬ್ಬರು ಕಾಯಿಲ್ (ಪ್ಲಗ್ಗಿಗೆ ಹೈ ವೋಲ್ಟೇಜ್ ಮಾಡಿಕೊಡುವುದು) ಬದಲಾಯಿಸಿ ಅಂತಾರೆ, ಇನ್ನೊಬ್ಬರು ಪಾಯಿಂಟ್ ತೆಗೆದು ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ ಅಂತಾರೆ. ದುಡ್ಡು ಹಾಕುವ ಮೊದಲು ಎಂತ ನೋಡ್ಬೇಕು?

ಕಾರ್ಕಳ ಸಿಂಗಲ್

ಈಗಲೇ ಕಾಯಿಲ್ ತರ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಹೆಡ್‌ಲೈಟಿನ ಮೇಲೆ ಕರೆಂಟ್ ತೋರಿಸುವ ಆಂಪ್ ಮೀಟರ್ ಉಂಟಲ್ಲ, ಅದನ್ನು ಕೇಳಿ.

ಬೈಕ್ ಆಫ್ ಆದ ಕೂಡಲೇ, ತಣಿಯುವ ಮೊದಲು ನೋಡ್ಬೇಕು. ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ಹಾಕಿ ಕಿಕ್ ಮಾಡಿ. ಮುಚ್ಚಳದ ಗಾಳಿತೂತು ಕಟ್ಟಿದ್ದರೂ ಲಕ್ಷಣ ಹೆಚ್ಚುಕಡಿಮೆ ಹೀಗೇ ಇರ್ತದೆ. ಅದರಿಂದ ಫರಕಾಗದಿದ್ದರೆ ಲೈಟ್ ಎಲ್ಲ ಬಂದ್ ಮಾಡಿ, ಕೀ ಆನ್ ಇಟ್ಟು, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಹಿಡಿದು ಕಿಕ್ಕರ್ ನಿಧಾನಕ್ಕೆ ಇಳಿಸಿ. ಪಾಯಿಂಟ್ ಕೂಡಿದಾಗ ಮುಳ್ಳು ಮೈನಸ್ ಕಡೆಗೆ 3-4 ಆಂಪ್ ವಾಲಬೇಕು, ತೆರೆದಾಗ ಸೊನ್ನೆಗೆ ಬರಬೇಕು.

ಮುಳ್ಳು ಹಾಗೆ ಸರಿಯಾಗಿ ಆಡ್ತಾ ಇದ್ದೂ ಪ್ಲಗ್ಗಲ್ಲಿ ಕಿಡಿ ಇಲ್ಲದಿದ್ದರೆ ಕಾಯಿಲ್, ಕಂಡೆನ್ಸರ್ (ಪಾಯಿಂಟಿಗೆ ಜೋಡಿಸಿದ ಕೆಪಾಸಿಟರ್), ಪ್ಲಗ್ ಕ್ಯಾಪ್, ಈ ಮೂರನ್ನು ಸಂಶಯಪಡಿ. ಸೊನ್ನೆಯಿಂದ ಏಳುವುದೇ ಇಲ್ಲವಾದರೆ ಕಾಯಿಲಿಗೆ ಕರೆಂಟೇ ಹೋಗ್ತಾ ಇಲ್ಲ, ಇಲ್ಲವೇ ಪಾಯಿಂಟ್ ಕೊಳೆಯಾಗಿ ಕೂಡ್ತಾ ಇಲ್ಲ. ಎಷ್ಟು ತಿರುಗಿಸಿದರೂ ಮೈನಸ್‌ನಲ್ಲೇ ಅಂಟಿಕೊಂಡರೆ ಪಾಯಿಂಟ್ ಬಾಯಿ ತೆರೆಯುತ್ತಿಲ್ಲ, ಅಥವಾ ಕಾಯಿಲಿನಿಂದ ಪಾಯಿಂಟಿಗೆ ಬರುವ ವಯರ್ ಎಲ್ಲೋ ಬಾಡಿಗೆ ತಾಗ್ತಾ ಉಂಟು. ಪಾಯಿಂಟ್ ಬದಲಾಯಿಸುವಾಗ ಸ್ಪ್ರಿಂಗ್ ಕೂರುವ ಬೋಲ್ಟಿನ, ಕರೆಂಟ್ ತಡೆಯುವ ಫೈಬರ್ ವಾಶರ್ ಹಿಂದುಮುಂದಾದರೆ ಆಗುವುದೂ ಇದೇ.

ಕಿಡಿ ನೋಡ್ಲಿಕ್ಕೆ ಬೇರೆ ಪ್ಲಗ್ ಕ್ಯಾಪಿಗೆ ಸಿಕ್ಕಿಸಿ ಎಂಜಿನ್ ಹೆಡ್ಡಿಗೆ ಒತ್ತಿ ಹಿಡಿಯಿರಿ. ಹಳೆಯದನ್ನು ಬಿಚ್ಚಿದರೆ ಆ ತೂತಿನಿಂದ ಪೆಟ್ರೋಲ್ ಆವಿ ಕಿಡಿಯ ಹತ್ತಿರವೇ ಬರ್ತದೆ, ಅದಕ್ಕೆ ಬಿಚ್ಚದೆ ಮಾಡುವುದು ಒಳ್ಳೆಯದು.

ಕದ್ರಿ ಗೇರ್

ಪಾಯಿಂಟ್ ಮುಚ್ಚಳ ತೆಗೆದು ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿ. ಸಣ್ಣ ನೀಲಿ ಕಿಡಿ ಇದ್ದೇ ಇರ್ತದೆ. ದಪ್ಪಗೆ, ಹಳದಿಯಾಗಿ ಚಟಚಟ ಹಾರಿದರೆ ಕಂಡೆನ್ಸರ್ ಸತ್ತಿದೆ. ಪಾಯಿಂಟ್ ತೆರೆಯುವ ಕ್ಷಣ ಕರೆಂಟನ್ನು ಅದು ಹಿಡಿದುಕೊಂಡರೆ ಮಾತ್ರ ಕಾಯಿಲಿನ ಕಾಂತಕ್ಷೇತ್ರ ಒಮ್ಮೆಲೇ ಕುಸಿದು ಪ್ಲಗ್ಗಿಗೆ ಹೈ ವೋಲ್ಟೇಜ್ ಹೋಗ್ತದೆ. ಕಂಡೆನ್ಸರ್ 0.2 ಮೈಕ್ರೊಫ್ಯಾರಡ್ ಆಸುಪಾಸು ಇರಬೇಕು. ಆದರೆ ತಣ್ಣಗಿರುವಾಗ ಸರಿ ತೋರಿಸಿ ಬಿಸಿಯಲ್ಲಿ ಲೀಕ್ ಆಗುವುದು ಉಂಟು, ಮಲ್ಟಿಮೀಟರ್ ಸರಿ ಹೇಳಿತು ಅಂತ ಬಿಡಬೇಡಿ. ಅಗ್ಗದ ಸಾಮಾನು, ಒಂದು ಹಾಕಿ ನೋಡುವುದೇ ಸುಲಭ.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಪಾಯಿಂಟಿನ ಹೀಲ್ (ಕ್ಯಾಮಿಗೆ ತಾಗುವ ಭಾಗ) ಕ್ಯಾಮಿನ ಎತ್ತರದ ಜಾಗದಲ್ಲಿ ಇರುವಾಗಲೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಬೇಕು. ಎಮರಿ ಪೇಪರಲ್ಲಿ ಉಜ್ಜಬೇಡಿ, ಅದರ ಪುಡಿ ಮುಖದೊಳಗೆ ಹೂತುಕೊಳ್ತದೆ. ನುಣುಪು ಅರದಲ್ಲಿ ಎರಡು ಸಲ ಎಳೆದು, ಪೆಟ್ರೋಲಿನ ಬಟ್ಟೆಯಲ್ಲಿ ಒರಸಿ, ಕಡೆಗೆ ಒಣ ದಪ್ಪ ಕಾಗದ ನಡುವೆ ಎಳೆಯಿರಿ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಗಳಿಗೆ) ಬದಲಾಗ್ತದೆ. ಅಡ್ವಾನ್ಸ್ (ಕಿಡಿಯನ್ನು ಮುಂಚಿತ ಮಾಡುವ ಭಾಗ) ಪೂರ್ತಿ ಹಿಂದೆ ಇರುವಾಗ ಪಿಸ್ಟನ್ ಮೇಲ್ತುದಿಗೆ 0.8 ಮಿ.ಮೀ. ಮುಂಚೆ ಪಾಯಿಂಟ್ ತೆರೆಯಬೇಕು.

ಉದ್ಯಾವರ 350

ಘಾಟಿಯಲ್ಲಿ ನೋಡಿದೆ, ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ತಣಿದ ಮೇಲೆ ಎರಡು ಆಂಪಿನ ಮೇಲೆ ಸ್ವಲ್ಪ ತೋರಿಸ್ತದೆ. ಪಾಯಿಂಟ್ ಮುಖ ಚೊಕ್ಕ ಉಂಟು, ಅಲ್ಲಿಯ ಕಿಡಿಯೂ ಸಣ್ಣದೇ. ಮನೆಯಲ್ಲಿ ಪಾಯಿಂಟ್ ಕೂಡಿಸಿಟ್ಟು ಅಳೆದರೆ ಬ್ಯಾಟರಿಯಲ್ಲಿ 12.4 ವೋಲ್ಟ್, ಕಾಯಿಲಿನ ಪ್ಲಸ್ಸಲ್ಲಿ 9.6. ವಯರ್ ಬಿಚ್ಚಿ ನೋಡಿದಾಗ ಕಾಯಿಲಿನ ಪ್ರೈಮರಿ (ಬ್ಯಾಟರಿ ಕರೆಂಟ್ ಹರಿಯುವ ಸುರುಳಿ) 3.5 ಓಮ್.

ಕಾರ್ಕಳ ಸಿಂಗಲ್

ಕಾಯಿಲ್ 12 ವೋಲ್ಟಿನದ್ದೇ, ಪ್ರೈಮರಿ ಸರಿ ಉಂಟು. 6 ವೋಲ್ಟಿನ ಹಳೆಯ ಕಾಯಿಲ್ ಉಳಿದಿದ್ದರೆ ಒಂದೂವರೆ ಓಮ್ ಹತ್ತಿರ ತೋರಿಸಿ, ಡಬ್ಬಲ್ ಕರೆಂಟ್ ಎಳೆದು ಪಾಯಿಂಟನ್ನು ಸುಡುತ್ತಿತ್ತು. ನಿಮ್ಮಲ್ಲಿ ದಾರಿಯಲ್ಲೇ 2.8 ವೋಲ್ಟ್ ಸೋರುತ್ತಾ ಉಂಟು, ಅರ್ಧ ವೋಲ್ಟಿಗಿಂತ ಹೆಚ್ಚು ಹೋಗಬಾರದು. ಘಾಟಿಯಲ್ಲಿ ಥ್ರಾಟಲ್ ತೆರೆದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ, ಅಲ್ಲಿ ಕಿಡಿ ಹಾರ್ಲಿಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಸಪಾಟು ರಸ್ತೆಯಲ್ಲಿ ಸಾಕಾಗುವ ಬಡಕಲು ಕಿಡಿ ಅಲ್ಲಿ ಸಾಲುವುದಿಲ್ಲ, ಅದಕ್ಕೆ ಮಿಸ್ಸಿಂಗ್. ಮತ್ತೆ ಬಿಸಿಗೆ ಆ ಕೆಟ್ಟ ಜಾಯಿಂಟ್ ಪೂರ್ತಿ ಬಿಟ್ಟುಕೊಳ್ತದೆ, ಬೈಕ್ ನಿಲ್ತದೆ.

ಮಲ್ಟಿಮೀಟರಿನ ಕೆಂಪು ತುದಿ ಬ್ಯಾಟರಿ ಪ್ಲಸ್ಸಲ್ಲೇ ಇಟ್ಟು, ಕಪ್ಪು ತುದಿಯನ್ನು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಹೋಗಿ: ಫ್ಯೂಸಿನ ಎರಡೂ ಬದಿ, ಆಂಪ್ ಮೀಟರಿನ ಎರಡು ನಟ್ಟು, ಸ್ವಿಚ್ಚಿನ ಒಳಬದಿ, ಹೊರಬದಿ, ಕಾಯಿಲ್. ಮೀಟರಿನ ಅಂಕೆ ಎಲ್ಲಿ ಒಮ್ಮೆಲೇ ಹಾರ್ತದೋ ಅಲ್ಲೇ ರೋಗ. ಒಂದೊಂದು ಅಳತೆ ಆದ ಕೂಡಲೇ ಕೀ ಆಫ್ ಮಾಡಿ, ಪಾಯಿಂಟ್ ಕೂಡಿಕೊಂಡು ಕೀ ಆನ್ ಇದ್ದರೆ ಕಾಯಿಲ್ ಸುಮ್ಮನೆ ಕಾಯ್ತದೆ.

ಸುರತ್ಕಲ್ ವಯರಿಂಗ್

ಸಮುದ್ರದ ಕಡೆಯ ಬೈಕುಗಳಲ್ಲಿ ನಾನು ಮೊದಲು ನೋಡುವುದು ಇಗ್ನಿಷನ್ ಸ್ವಿಚ್. ಉಪ್ಪುಗಾಳಿಗೆ ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡೀತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕೀ ಆನ್ ಇಟ್ಟು, ಪಾಯಿಂಟ್ ಕೂಡಿಸಿ, ಕೀಯನ್ನು ಮೆಲ್ಲ ಅಲ್ಲಾಡಿಸಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಮುಳ್ಳು ನಡುಗಿದರೆ ಸಿಕ್ಕಿತು. ಹೊಂಡಕ್ಕೆ ಬಿದ್ದಾಗ ಕರೆಂಟ್ ಹೋಗುವುದೂ ಇದಕ್ಕೇ ಹೊಂದ್ತದೆ.

ಖಾತ್ರಿಗೆ ಬ್ಯಾಟರಿ ಪ್ಲಸ್ಸಿನಿಂದ 10 ಆಂಪ್ ಫ್ಯೂಸ್ ಹಾಕಿದ ಒಂದು ವಯರನ್ನು ನೇರ ಕಾಯಿಲಿನ ಪ್ಲಸ್ಸಿಗೆ ಕೊಟ್ಟು, ಅಲ್ಲಿದ್ದ ಹಳೆಯ ವಯರ್ ತೆಗೆದು ಟೇಪ್ ಸುತ್ತಿ ಘಾಟಿ ಹತ್ತಿಸಿ. ಆಗ ಕೀಯಿಂದ ಎಂಜಿನ್ ನಿಲ್ಲುವುದಿಲ್ಲ, ಡಿಕಂಪ್ರೆಸರ್ ಹಿಡಿದು ನಿಲ್ಲಿಸಿ, ಕೂಡಲೇ ಆ ವಯರ್ ಎಳೆಯಿರಿ. ಮಿಸ್ಸಿಂಗ್ ಬಾರದಿದ್ದರೆ ಸಿಡಿಐ ಮಾತು ಬಿಡಿ. ಈ ವಯರಿಂಗಿಗೆ ಸಿಡಿಐ ಹಾಕಿದ್ದರೂ ತೊಂದರೆ ಹಾಗೇ ಉಳಿಯುತ್ತಿತ್ತು.

ಸ್ವಿಚ್ಚಿಗೆ ಎಣ್ಣೆ ಸ್ಪ್ರೇ ಹೊಡೆದರೆ ನಾಲ್ಕು ದಿನ ಸರಿಯಾಗಿ ಪುನಃ ಅದೇ ಕತೆ, ಹೊಸತೇ ಹಾಕಿ. ಆಂಪ್ ಮೀಟರಿನ ನಟ್ಟು, ವಯರಿನ ತುದಿಯ ಲಗ್ ಹೊಳೆಯುವ ತನಕ ಉಜ್ಜಿ ಬಿಗಿ ಮಾಡಿ ಮೇಲಿಂದ ವ್ಯಾಸಲೀನ್ ಸವರಿ. ಬ್ಯಾಟರಿಯಿಂದ ಫ್ರೇಮಿಗೆ ಹೋಗುವ ಅರ್ತ್ ಬೋಲ್ಟಿನ ಅಡಿಯ ಪೇಂಟ್ ಕೆರೆಯಿರಿ. ಹೆಡ್‌ಲೈಟಿನೊಳಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಲೇಬೇಕು, ಆಂಪ್ ಮೀಟರಿನ ನಟ್ಟಿಗೆ ಸ್ಪ್ಯಾನರ್ ತಾಗಿ ಬಾಡಿಗೆ ಮುಟ್ಟಿದರೆ ವಯರಿಂಗ್ ಸುಟ್ಟುಹೋಗ್ತದೆ.